ಪ್ರೀಮಿಯಂ ತಿನ್ನುವ ಚೌಡಿ

ಮೂಡಿಗೆರೆಯಂಥ ಊರಲ್ಲಿ ಶೇರು ಆಫೀಸು ತೆರೆದರೆ ಗಿರಾಕಿಗಳ ಜೊತೆಗೆ ಅವರ ದೆವ್ವಗಳೂ ಒಳಗೆ ಬಂದು ಕೂರುತ್ತವೆ. ನಾನು ತೆರೆದಾಗ ಆಪ್ಷನ್ ವ್ಯಾಪಾರ ಹೊಸದಾಗಿ ಶುರುವಾಗಿದ್ದ ಕಾಲ. ಜಾವಳಿ ಕಡೆಯ ಪ್ಲಾಂಟರೊಬ್ಬರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೊಳ್ಳಲು ಎತ್ತಿಟ್ಟ ದುಡ್ಡಲ್ಲಿ ಪ್ರತಿ ತಿಂಗಳೂ ಕಾಲ್ ಆಪ್ಷನ್, ಅಂದರೆ ಶೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು, ಕೊಳ್ಳುತ್ತಿದ್ದರು. ಶೇರು ಏರಿದರೆ ಲಾಭ. ಏರದಿದ್ದರೆ ದುಡ್ಡೂ ಇಲ್ಲ, ಪಲ್ಪರೂ ಇಲ್ಲ.

ಲೈನಿನಲ್ಲಿ ಉಸಿರು

ಅವರು ಫೋನಿನಲ್ಲಿ ಆರ್ಡರು ಹೇಳುವಾಗೆಲ್ಲ ನಡುವೆ ಇನ್ನಾರೋ ಉಸಿರಾಡುವುದು ಕೇಳುತ್ತಿತ್ತು.

"ಕೇಳ್ತಾ ಮಾರಾಯ? ಮನೇಲಿ ನಾನೊಬ್ನೇ ಇರೋದು. ಹೆಂಡ್ತಿ ಅಡುಗೆಮನೇಲಿದಾಳೆ, ಅಷ್ಟೆ."

"ಗಾಳಿ ಇರ್ಬೇಕು ಸಾರ್" ಅಂದೆ. ತಕ್ಷಣ ಉಸಿರು ನಿಂತಿತು. ಗಾಳಿಗೆ ಕನ್ನಡ ಬರುತ್ತದೆಂದು ನನಗೆ ಅಂದೇ ಗೊತ್ತಾಗಿದ್ದು.

ಶನಿವಾರ, ಭಾನುವಾರ

ಶುಕ್ರವಾರ ಇಪ್ಪತ್ತು ರೂಪಾಯಿ ಇದ್ದ ಪ್ರೀಮಿಯಂ, ಅಂದರೆ ಆ ಹಕ್ಕಿನ ಬೆಲೆ, ಸೋಮವಾರ ಹದಿನಾರಾಗಿತ್ತು. ಶೇರಿನ ಬೆಲೆ ಮಾತ್ರ ಇದ್ದಲ್ಲೇ ಇತ್ತು.

"ನೀನು ಆಫೀಸಿಗೆ ಬೀಗ ಹಾಕಿದ್ದೆ ತಾನೆ? ಮತ್ತೆ ಯಾರು ತಿಂದ್ರು?"

"ಕಾಲ ತಿಂತದೆ ಸಾರ್. ಆಪ್ಷನ್ನಿಗೆ ತಿಂಗಳ ಕಡೇ ಗುರುವಾರದವರೆಗೆ ಮಾತ್ರ ಆಯಸ್ಸು. ದಿನ ಕಳೆದ ಹಾಗೆ ಕರಗ್ತದೆ."

"ಕರಗಿದ್ದು ಯಾರ ಹೊಟ್ಟೆಗೆ?"

"ಮಾರಿದೋರ ಹೊಟ್ಟೆಗೆ."

"ಅವ್ರನ್ನ ನೋಡಿದೀಯಾ?"

ನೋಡಿರಲಿಲ್ಲ. ಪರದೆಯ ಆಚೆ ಯಾರೋ ಕೂತು ಸದ್ದಿಲ್ಲದೆ ತಿನ್ನುತ್ತಿದ್ದಾರೆ ಅನ್ನಿಸಿತು. ಆಮೇಲೆ ಕುರ್ಚಿಯನ್ನು ಗೋಡೆಗೊತ್ತಿಯೇ ಕೂತೆ.

ಬಜೆಟ್ಟಿನ ಮೋಡ

ಬಜೆಟ್ಟಿನ ಹಿಂದಿನ ದಿನ ಪ್ರೀಮಿಯಂ ಎರಡು ಪಟ್ಟಾಗಿತ್ತು. ಅವರು ಕೊಂಡರು. ಬಜೆಟ್ ಓದಿ ಮುಗಿಯಿತು, ಶೇರು ಸ್ವಲ್ಪ ಏರಿತು, ಆದರೂ ಪ್ರೀಮಿಯಂ ಇಳಿಯಿತು. ಅವರು ಓಡಿ ಬಂದರು.

"ಮೋಡಕ್ಕೂ ಸೇರಿಸಿ ಬೆಲೆ ಕೊಟ್ಟಿದ್ರಿ ಸಾರ್. ಏನಾಗ್ತದೋ ಅನ್ನೋ ಹೆದರಿಕೆ ಇರೋವರೆಗೆ ಪ್ರೀಮಿಯಂ ಊದಿರ್ತದೆ. ಈಗ ಮಳೆ ಬಂದು ಹೋಯ್ತು."

"ಹೆದರಿಕೆಗೆ ಬೆಲೆ ಇದ್ರೆ ನನ್ನತ್ರ ಬೇಕಾದಷ್ಟಿದೆ, ಮಾರ್ಕೊಡು!"

ಹಸಿರು ಸೀರೆ

ಇದು ತೋಟ ಕಾಯುವ ದೆವ್ವ ಚೌಡಿಯದೇ ಕಾಟ ಎಂದು ಪ್ಲಾಂಟರು ತೀರ್ಮಾನಿಸಿ, ತೋಟದಂಚಿನ ಚೌಡಿಕಲ್ಲಿನ ಮುಂದೆ ಹಸಿರು ಸೀರೆ, ಬಳೆ ಇಟ್ಟು, "ತಾಯಿ, ಪಲ್ಪರ್ ದುಡ್ಡಾದ್ರೂ ಬಿಡು" ಎಂದು ಬೇಡಿಕೊಂಡರಂತೆ. ಮರುದಿನ ಅಲ್ಲಿ ಸೀರೆಯೂ ಇರಲಿಲ್ಲ, ಬಳೆಯೂ ಇರಲಿಲ್ಲವಂತೆ.

ಕಡೇ ಗುರುವಾರ ಆಪ್ಷನ್ನುಗಳೆಲ್ಲ ಸೊನ್ನೆಯಾದವು. ಅವರು ತಲೆ ಹಿಡಿದು ನನ್ನೆದುರು ಕೂತಿದ್ದರು. ಬಾಗಿಲಲ್ಲಿ ಮಂಜು ತುಂಬಿತ್ತು. ಅದರೊಳಗಿಂದ ಹಸಿರು ಸೀರೆಯೊಂದು ನಡೆದು ಬಂತು. ಇಬ್ಬರೂ ಒಟ್ಟಿಗೇ ಕಿರುಚಿದೆವು.

ಅವರ ಹೆಂಡತಿ!

"ಅದೇ ಲೈನಿನ ಅಡುಗೆಮನೆ ಫೋನಲ್ಲಿ ಕೇಳಿಸ್ಕೊಂಡು, ನೀವು ಕೊಂಡಿದ್ದನ್ನೇ ನಾನು ಚಿಕ್ಕಮಗಳೂರಿನ ಆಫೀಸಲ್ಲಿ ಮಾರ್ತಿದ್ದೆ. ಮಾರೋಕೆ ಜಾಮೀನು ಅಂತ ಮೆಣಸಿನ ದುಡ್ಡು ಠೇವಣಿ ಇಟ್ಟಿದ್ದೆ. ಏರಿದ್ರೆ ನಿಮಗೆ, ಏರದಿದ್ರೆ ನನಗೆ. ಪಲ್ಪರ್ ದುಡ್ಡು ಮನೇಲೇ ಇದೆ, ಏಳಿ."

ಪ್ಲಾಂಟರ ಕಣ್ಣಲ್ಲಿ ನೀರು ಬಂತು. "ಚೌಡಿ ಸೀರೆ ಉಟ್ಟಿದೀಯಲ್ಲೇ!"

"ತಿಂದೋಳಿಗೇ ಅಂತ ಕೊಟ್ಟಿದ್ದಲ್ವಾ?"

ನನಗೂ ಧೈರ್ಯ ಬಂತು. ನಗುತ್ತಾ, "ಬಳೆ ಯಾಕೆ ಹಾಕ್ಕೊಂಡಿಲ್ಲ ಅಮ್ಮ?" ಅಂದೆ.

"ಬಳೆನಾ? ನಾನು ಹೋಗೋ ಹೊತ್ತಿಗೆ ಅಲ್ಲಿ ಬರೀ ಸೀರೆ ಇತ್ತಲ್ಲ."

ಆಮೇಲೆ ಪ್ರೀಮಿಯಂ ಯಾರು ತಿಂದರೆಂದು ಯಾರು ಕೇಳಿದರೂ ನಾನು 'ಕಾಲ ತಿನ್ನುತ್ತದೆ' ಎಂದು ಹೇಳಿಲ್ಲ.