ತಂತಿಯಿಂದ ಬಿಚ್ಚಿದ ಕಾಗದಗಳು

ಅಚ್ಚುಕಟ್ಟು ಎನ್ನುವುದು ಒಂದು ಕಾಯಿಲೆ. ಕೆಮ್ಮು ನೆಗಡಿಯಾದರೆ ಬಂದವನಿಗೆ ತೊಂದರೆ. ಈ ಕಾಯಿಲೆಯಲ್ಲಿ ಬಂದವನು ಆರಾಮವಾಗಿರುತ್ತಾನೆ, ನರಳುವವರು ಸುತ್ತಲಿನವರು. ನನಗೆ ಇದು ತಗುಲಿದ್ದು ಎಪ್ಪತ್ತರ ದಶಕದಲ್ಲಿ, ಬೆಂಗಳೂರಿಗೆ ಮೂರು ತಿಂಗಳ ಗ್ರಂಥಾಲಯ ತರಬೇತಿಗೆ ಹೋಗಿದ್ದಾಗ. ಪ್ರಪಂಚದಲ್ಲಿರುವ ಸಕಲವನ್ನೂ ಹತ್ತು ಭಾಗ ಮಾಡಿ ಒಂದೊಂದಕ್ಕೂ ನಂಬರು ಕೊಡಬಹುದು ಎಂದು ಅಲ್ಲಿ ಹೇಳಿಕೊಟ್ಟರು. ನಾನು ನಂಬಿಬಿಟ್ಟೆ. ಮಧುಗಿರಿಗೆ ವಾಪಸು ಬಂದವನು ಮೊದಲು ಕೈ ಹಾಕಿದ್ದು ಅಡುಗೆಮನೆಗೆ. ಹೆಂಡತಿ ಸುಶೀಲ ಕೊರಟಗೆರೆಯ ತವರಿಗೆ ಹೋಗಿದ್ದ ಸಮಯ ನೋಡಿ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿಟ್ಟೆ. ಕಾಫಿಪುಡಿಯ ಪಕ್ಕ ಖಾರದಪುಡಿ ಬಂತು. ಮಗಳನ್ನು ಬಿಡಲು ಬಂದಿದ್ದ ಮಾವನವರಿಗೆ ಮಾರನೆಯ ಬೆಳಿಗ್ಗೆ, ಕರೆಂಟಿಲ್ಲದ ಹೊತ್ತಿನಲ್ಲಿ, ಅವಳು ಕೈ ಅಭ್ಯಾಸದ ಮೇಲೆ ಡಬ್ಬಿ ತೆಗೆದು ಕಾಫಿ ಮಾಡಿಕೊಟ್ಟಳು. ಮಾವನವರು ಮರ್ಯಾದಸ್ಥರು. ಪೂರ್ತಿ ಕುಡಿದು, ಕಣ್ಣೊರೆಸಿಕೊಂಡು, "ನಿಮ್ಮ ಕಡೆ ಕಾಫಿ ಸ್ವಲ್ಪ ಸ್ಟ್ರಾಂಗು" ಅಂದರು. ಸುಶೀಲ ನನಗೆ ಏನು ಅಂದಳು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮನೆಯಲ್ಲಿ ಹೀಗೆ ಕೈ ಸುಟ್ಟುಕೊಂಡವನು ಗ್ರಂಥಾಲಯದಲ್ಲಾದರೂ ಸುಮ್ಮನಿರಬೇಕಿತ್ತು. ನಮ್ಮದು ಊರಿನ ಸಾಹುಕಾರರೊಬ್ಬರು ತಂದೆಯ ನೆನಪಿಗೆ ಕಟ್ಟಿಸಿದ ಎರಡು ಕೋಣೆಯ ಗ್ರಂಥಾಲಯ. ಬೇಸಿಗೆ ಬಂತೆಂದರೆ ಊರ ಪಕ್ಕದ ಬೆಟ್ಟದ ಬಂಡೆ ಕಾದು ಸಂಜೆಯವರೆಗೂ ಕಾವು ಬಿಡುತ್ತಿತ್ತು. ಜನ ಪತ್ರಿಕೆ ಓದುವುದಕ್ಕಿಂತ ಬೀಸಿಕೊಳ್ಳುವುದಕ್ಕೇ ಬರುತ್ತಿದ್ದರು. ಒಳಕೋಣೆಯಲ್ಲಿ 'ಹಳೆಯ ಕಾಗದಪತ್ರಗಳು' ಎಂದು ಬರೆದ ಬೀರು ಇತ್ತು. ಅದರೊಳಗೆ ಒಂದು ತಂತಿ. ತುದಿ ಕೊಕ್ಕೆಯ ಹಾಗೆ ಬಾಗಿದ, ಬುಡದಲ್ಲಿ ಮರದ ಬಿಲ್ಲೆಯಿರುವ ಉದ್ದನೆಯ ತಂತಿ. ಬಂದ ಕಾಗದವನ್ನು ಓದಿ ಅದಕ್ಕೆ ಚುಚ್ಚಿ ಗೋಡೆಗೆ ನೇತುಹಾಕುವುದು ಹಿಂದೆ ಎಲ್ಲ ಮನೆಗಳ ಪದ್ಧತಿ. ಈ ತಂತಿ ಕೊಡಿಗೇನಹಳ್ಳಿ ಹತ್ತಿರದ ಒಂದು ಹಳ್ಳಿಯ ಮೇಷ್ಟ್ರದು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಮೊಮ್ಮಕ್ಕಳು ತಂದು ಕೊಟ್ಟಿದ್ದರು.

ಆ ಕಾಗದಗಳ ವಿಶೇಷವೆಂದರೆ, ಅವು ಮೇಷ್ಟ್ರಿಗೆ ಬಂದವಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಆ ಕಾಲದಲ್ಲಿ ಊರಿಗೆಲ್ಲ ಓದು ಬಲ್ಲವರು ಅವರೊಬ್ಬರೇ. ಚಿನ್ನದ ಗಣಿಗೆ, ರೈಲು ಹಳಿ ಹಾಕುವುದಕ್ಕೆ, ಕಾಫಿ ತೋಟಕ್ಕೆ ಹೋದ ಮಕ್ಕಳೆಲ್ಲ ಯಾರ ಕೈಯಲ್ಲೋ ಬರೆಸಿ ಮೇಷ್ಟ್ರ ವಿಳಾಸಕ್ಕೆ ಹಾಕುತ್ತಿದ್ದರು. ಮೇಷ್ಟ್ರು ಜಗಲಿಯ ಮೇಲೆ ಕೂತು ಓದಿ ಹೇಳುವರು. ಕೇಳಿದವರು, "ಇಲ್ಲೇ ಮಡಗಿರಿ ಸ್ವಾಮಿ, ನಮ್ಮನೇಲಿ ಇಲಿ ಕಾಟ" ಎಂದು ಬಿಟ್ಟುಹೋಗುವರು. ಹೀಗೆ ಒಂದು ಊರಿನ ಕಷ್ಟಸುಖವೆಲ್ಲ ಒಂದೇ ತಂತಿಯಲ್ಲಿ ನೇತಾಡುತ್ತಿತ್ತು.

ಅದನ್ನು ನೋಡಿ ನನ್ನ ಕೈ ಕಡಿಯತೊಡಗಿತು. ಮದುವೆ ಕಾಗದದ ಮೇಲೆ ಭೇದಿ ಕಾಗದ, ಅದರ ಮೇಲೆ ಎಮ್ಮೆ ಕಾಗದ! ಇದಕ್ಕೊಂದು ವ್ಯವಸ್ಥೆ ಬೇಡವೇ? ನಮ್ಮ ಅಟೆಂಡರು ಬಾಷಾ ಸಾಬರು, ಸಿರಾದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅಡ್ಡ ಬಂದರು. "ಹಂಗೇ ಇರ್ಲಿ ಬುಡಿ ಸಾರ್. ಮೇಷ್ಟ್ರು ಇಟ್ಟಂಗೆ ಐತೆ. ಪುರಾನಾ ಮಾಲು, ಬಿಚ್ಚಿದ್ರೆ ಬರ್ಬಾದ್ ಆಗ್ತದೆ." ನಾನು ಅವರಿಗೆ ವೈಜ್ಞಾನಿಕ ವಿಂಗಡಣೆಯ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ಅವರು ಕೇಳಿ, ಬೀಡಿ ಸೇದಿ ಬರುತ್ತೇನೆಂದು ಹೊರಗೆ ಹೋದರು. ನಾನು ಇನ್ನೂರಕ್ಕೂ ಹೆಚ್ಚು ಕಾಗದ ಬಿಚ್ಚಿ ಮದುವೆ, ಕಾಯಿಲೆ, ಮಳೆ-ಬೆಳೆ, ದನ-ಕುರಿ, ಜಗಳ ಎಂದು ಐದು ಫೈಲು ಮಾಡಿದೆ. ಜಗಳದ ಫೈಲೇ ದಪ್ಪವಾಯಿತು. ಒಂದು ವಾರ ನಾನು ಬಹಳ ಸಂತೋಷವಾಗಿದ್ದೆ.

ಎರಡನೆಯ ವಾರ ಸಣ್ಣೀರಮ್ಮ ಬಂದಳು. ಎಪ್ಪತ್ತರ ಹತ್ತಿರದ ಮುದುಕಿ, ಹೆಗಲ ಮೇಲೆ ಕುರಿ ಉಣ್ಣೆಯ ಕಂಬಳಿ. ಪಾವಗಡದ ಬಸ್ಸಿಳಿದು ದಾರಿ ಕೇಳಿಕೊಂಡು ಬಂದಿದ್ದಳು. "ಅಬ್ಬಯ್ಯಾ, ನಮ್ಮ ಮೇಷ್ಟ್ರ ಕಾಗ್ದ ಇಲ್ಲಿ ಮಡಗವ್ರಂತೆ? ನಮ್ಮಣ್ಣನ್ವು ಇದ್ರೆ ಓದಪ್ಪ" ಅಂದಳು.

ಅವಳ ಕತೆ ಇಷ್ಟು. ಅವಳಣ್ಣ ಚಿಕ್ಕಣ್ಣ ಗಣಿಗೆ ಹೋಗಿ ಎರಡು ವರ್ಷವಾಗಿತ್ತು. ಅವನು ಇಲ್ಲದಾಗಲೇ ಇವಳನ್ನು ನಿಡುಗಲ್ಲಿಗೆ ಮದುವೆ ಮಾಡಿಕೊಟ್ಟರು. ಬಳುವಳಿಯಾಗಿ ಕುರಿ ಕೊಡುವಾಗ, ಅವನು ಮರಿಯಿಂದ ಸಾಕಿದ್ದ ಟಗರನ್ನೂ ಮಂದೆಗೆ ಸೇರಿಸಿ ಕಳಿಸಿದರು. ಸುದ್ದಿ ತಿಳಿದ ಚಿಕ್ಕಣ್ಣ, ಸಣ್ಣಿ ಕಾಲಿಟ್ಟ ಮನೆಗೆ ತಾನು ಕಾಲಿಡುವುದಿಲ್ಲವೆಂದು ಕಾಗದ ಬರೆಸಿದ. ಅದನ್ನು ಮೇಷ್ಟ್ರಿಂದ ಕೇಳಿಸಿಕೊಂಡು ಬಂದು ಇವಳಿಗೆ ಹೇಳಿದ ಅವ್ವ, ಮುಂದಿನ ತಿಂಗಳೇ ತೀರಿಕೊಂಡಳು; ಆಮೇಲೆ ಕಾಗದದ ಸುದ್ದಿ ಇವಳಿಗೆ ತಲುಪಿಸುವವರಿಲ್ಲವಾಯಿತು. ಅದೇ ವರ್ಷ ಚಿಕ್ಕಣ್ಣನೂ ಗಣಿಯಲ್ಲಿ ಸತ್ತ.

"ಅದ್ರಾಮ್ಯಾಲೆ ಏನಾರಾ ಬರೆಸಿದ್ನಾ, ಇಲ್ಲಾ ಅಂಗೇ ಸಿಟ್ಟಲ್ಲೇ ಹೋಗ್ಬುಟ್ನಾ? ಮೇಷ್ಟ್ರನ್ನ ಕೇಳಾನಾ ಅಂದ್ರೆ, ಇಲ್ಲ ಅಂದ್ಬುಟ್ರೆ ಅಂತ ಎದೆ ಬರ್ನಿಲ್ಲ. ಈಗ ನಾನೂ ಹೋಗೋ ಹೊತ್ತು. ಇನ್ನೇನು ಭಯ, ಹೇಳ್ಬುಡು."

ನಾನು ಉತ್ಸಾಹದಿಂದ ಫೈಲು ತೆಗೆದೆ. ಟಗರಿನ ಕಾಗದ ಬೇಗ ಸಿಕ್ಕಿತು. ಅದನ್ನು ಜಗಳಕ್ಕೆ ಸೇರಿಸುವುದೋ ದನ-ಕುರಿಗೋ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡವನಲ್ಲವೇ ನಾನು! ಮಳೆ-ಬೆಳೆಯ ಫೈಲಿನಲ್ಲಿ ಚಿಕ್ಕಣ್ಣನದೇ ಇನ್ನೊಂದು ಇತ್ತು. ಓದಿದೆ. "ಆ ಕಡೆ ಮಳೆ ಹೇಗೆ? ಹಬ್ಬಕ್ಕೆ ಬರುತ್ತೇನೆ. ಸಣ್ಣಿಯನ್ನು ನೋಡಬೇಕು. ಅವಳಿಗೆ ಒಂದು ಸೀರೆ ತೆಗೆದಿಟ್ಟಿದ್ದೇನೆ."

"ನೋಡಮ್ಮ, ಸಿಟ್ಟೆಲ್ಲ ಇಳಿದಿತ್ತು" ಅಂದೆ.

ಮುದುಕಿ ನನಗಿಂತ ಜಾಣೆ. "ಇದು ಮುಂಚಿಂದೋ, ಆಮ್ಯಾಲಿಂದೋ? ಅವ್ನು ಹಬ್ಬಹಬ್ಬಕ್ಕೂ ಬತ್ತೀನಿ ಅಂತ ಬರೆಸ್ತಿದ್ದ."

ಎರಡೂ ಕಾಗದ ತಿರುಗಿಸಿ ನೋಡಿದೆ. ತಾರೀಕಿಲ್ಲ. ಸ್ಟಾಂಪಿನ ಆಸೆಗೆ ಮೇಷ್ಟ್ರ ಮೊಮ್ಮಕ್ಕಳು ಕವರುಗಳನ್ನು ಎಂದೋ ಕಿತ್ತುಕೊಂಡಿದ್ದರಿಂದ ಅಂಚೆಯ ಮುದ್ರೆಯೂ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುತ್ತಿದ್ದುದು ಒಂದೇ ಒಂದು: ತಂತಿ. ಮೊದಲು ಬಂದದ್ದು ಕೆಳಗೆ, ಆಮೇಲೆ ಬಂದದ್ದು ಮೇಲೆ. ಐವತ್ತು ವರ್ಷಕ್ಕೂ ಮೇಲ್ಪಟ್ಟು ಆ ಉತ್ತರ ಅಲ್ಲೇ ಕಾದು ಕೂತಿತ್ತು. ಮುದುಕಿ ಬರುವ ಒಂದು ವಾರ ಮುಂಚೆ ನಾನು ಅದನ್ನು ವೈಜ್ಞಾನಿಕವಾಗಿ ಹಾಳು ಮಾಡಿದ್ದೆ. ನನಗೆ ಅಳು ಬರುವುದೊಂದು ಬಾಕಿ.

ಸುಳ್ಳು ಹೇಳಿಬಿಡೋಣ ಎನಿಸಿತು. "ಖಂಡಿತ ಆಮೇಲಿನದೇ ಕಣಮ್ಮ" ಅಂದೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿ ಅವಳು, "ಸಮಾಧಾನ ಹೇಳಾಕೆ ನಮ್ಮೂರಾಗೆ ಬೇಕಾದಷ್ಟು ಜನ ಅವ್ರೆ. ಅದುಕ್ಕೆ ಬಸ್ಸತ್ತಿ ಬರ್ಬೇಕಿತ್ತಾ?" ಅಂದಳು. ನಾನು ತಲೆ ತಗ್ಗಿಸಿ, ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬಾಷಾ ಸಾಬರು ಅವಳಿಗೆ ಚಾ ತಂದುಕೊಟ್ಟು, ಎರಡೂ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬಹುಶಃ ಅದಕ್ಕೇ ನನಗೆ ಕಾಣದ್ದು ಕಂಡಿತು. "ಸಾರ್, ತಂತಿ ತೂತು ಎರಡಕ್ಕೂ ಐತೆ. ಈ ಸಿಟ್ಟಿನ ಕಾಗಜಿಗೆ ಪಕ್ಕದಾಗೆ ಇನ್ನೊಂದು ತೂತು ಐತೆ, ಹುಳ ಕೊರೆದಿದ್ದು. ಸೀರೆ ಕಾಗಜಿಗೆ ಇಲ್ಲ." ಆಮೇಲೆ ತಂತಿಯ ಬುಡದ ಮರದ ಬಿಲ್ಲೆ ತಂದು ತೋರಿಸಿದರು. ಅದರಲ್ಲೂ ಅದೇ ಜಾಗಕ್ಕೆ ಹುಳದ ತೂತು.

ಐದು ಫೈಲನ್ನೂ ನೆಲದ ಮೇಲೆ ಸುರಿದೆವು. ಹುಳ ಬಿಲ್ಲೆಯಿಂದ ಹೊರಟು, ಕಾಗದದಿಂದ ಕಾಗದಕ್ಕೆ ನೆಟ್ಟಗೆ ಮೇಲಕ್ಕೆ ಕೊರೆದು, ಎಲ್ಲೋ ಅರ್ಧದಲ್ಲಿ ಸಾಕಾಗಿ ನಿಂತಿತ್ತು. ಅಂದರೆ ತೂತಿದ್ದದ್ದು ಕೆಳಗಿನವು, ಹಳೆಯವು. ತೂತಿಲ್ಲದ್ದು ಮೇಲಿನವು, ಆಮೇಲಿನವು. ನನ್ನ ಮೇಲೆ ನನಗೆ ನಂಬಿಕೆ ಹೋಗಿತ್ತಾದ್ದರಿಂದ, ಅಪರೂಪಕ್ಕೆ ತಾರೀಕು ಹಾಕಿದ್ದ ಹತ್ತು ಹನ್ನೆರಡು ಕಾಗದ ಹುಡುಕಿ ತಾಳೆ ನೋಡಿದೆ. ಒಂದೂ ತಪ್ಪಲಿಲ್ಲ.

"ಸಿಟ್ಟಿನದು ಮೊದಲು, ಸೀರೆಯದು ಆಮೇಲೆ" ಅಂದೆ. ಈ ಸಲ ಅವಳು ನನ್ನ ಮುಖ ನೋಡಲಿಲ್ಲ. ಕಾಗದ ಇಸಕೊಂಡು, ತೂತಿಲ್ಲದ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. "ಬತ್ತಿದ್ದ" ಅಂದಳು. ಕಂಬಳಿ ಸರಿಪಡಿಸಿಕೊಂಡು ಮತ್ತೆ, "ಬತ್ತಿದ್ದ ಕಣಪ್ಪ ನಮ್ಮಣ್ಣ." ಬಾಷಾ ಸಾಬರು ಇಲ್ಲದ ಧೂಳು ಒರೆಸಲು ಹೊರಕೋಣೆಗೆ ಹೋದರು. ಅವಳ ಕೋರಿಕೆಯಂತೆ ಆ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲ ಅವಳು ನಗುತ್ತಾ ಕಾಗದಕ್ಕೇ ಹೇಳಿದಳು: "ಆ ನಿನ್ನ ಟಗರು ನಮ್ಮತ್ತೇನ ದಿನಾ ಗುಮ್ತಿತ್ತು ಕಣೋ. ಚೆಂದಾಗೇ ನೋಡ್ಕಂಡೆ."

ನಿಯಮ ಮೀರಿ ಕಾಗದವನ್ನು ಅವಳಿಗೇ ಕೊಡಲು ಹೋದೆ. ಬೇಡವೆಂದಳು. ಮೊಮ್ಮಗಳನ್ನು ಕರೆತಂದು ಕೇಳಿಸುತ್ತಾಳಂತೆ. ಹೊರಡುವಾಗ ನನಗೂ ಬಾಷಾ ಸಾಬರಿಗೂ ಕೈಮುಗಿದು, "ಆ ಹುಳದ ಹೊಟ್ಟೆ ತಣ್ಣಗಿರ್ಲಿ" ಎಂದು ಹರಸಿ ಬಸ್ಸಿಗೆ ಹೋದಳು. ಆ ವಾರವಿಡೀ ನಾವಿಬ್ಬರೂ ಕೂತು ಕಾಗದಗಳನ್ನು ಮತ್ತೆ ತಂತಿಗೆ ಪೋಣಿಸಿದೆವು. ತೂತಿದ್ದವು ಕೆಳಗೆ, ಇಲ್ಲದವು ಮೇಲೆ; ಅದರೊಳಗಿನ ಕ್ರಮ ಮಾತ್ರ ದೇವರಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತು.

ವರ್ಷದ ಕೊನೆಗೆ ಆಡಳಿತ ಮಂಡಳಿಯಿಂದ ಎಂದಿನ ಫಾರಂ ಬಂತು. 'ಕಾಗದಪತ್ರಗಳಿಗೆ ಹುಳುಗಳಿಂದ ಆದ ಹಾನಿ' ಎಂಬ ಕಾಲಮ್ಮಿನಲ್ಲಿ 'ಇಲ್ಲ, ಉಪಕಾರವೇ ಆಗಿದೆ' ಎಂದು ಬರೆದೆ. ಗ್ರಂಥಪಾಲಕನಿಂದ ಆದ ಹಾನಿಗೆ ಅವರು ಕಾಲಮ್ಮು ಇಟ್ಟಿರಲಿಲ್ಲ. ಕೇಳದ್ದನ್ನು ನಾನಾಗಿ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲವೆಂದು, ಕೆಳಗೆ ಸಹಿ ಹಾಕಿ ಕಳಿಸಿಬಿಟ್ಟೆ.