ನಮ್ಮಪ್ಪನ ಹವಾ ಬದಲಾವಣೆ

ಜಗತ್ತಿನ ಯಾವ ಮೂಲೆಯ ಹವೆಯನ್ನು ಬೇಕಾದರೂ ಕೇಳಿ, ಹೇಳುತ್ತೇನೆ! ಒಂಬತ್ತನೇ ತರಗತಿಯ ಭೂಗೋಳದಲ್ಲಿ ವಾಯುಗುಣದ ಪಾಠ ಮುಗಿದ ಮರುವಾರವೇ ನಾನು ಶಾಲೆ ಬಿಟ್ಟದ್ದು. ಮುಂದಿನ ಪಾಠಗಳು ತಲೆಗೆ ನುಗ್ಗಿ ಇದನ್ನು ಕಲಸಿಹಾಕಲಿಲ್ಲವಾದ್ದರಿಂದ ಟಂಡ್ರಾದಿಂದ ಸಹರಾದವರೆಗೆ ಎಲ್ಲವೂ ನನ್ನಲ್ಲಿ ಇನ್ನೂ ತಾಜಾ. ಆದರೆ ಯಾರಾದರೂ ನಿಜವಾಗಿ ಎದುರು ನಿಂತು ಕೇಳಿದರೆ ನಾಚಿಕೆಯಿಂದ ಅರ್ಧ ಮಾತು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆ ಬಿಡಿಸಿದ್ದು ಅಪ್ಪನ ಉಬ್ಬಸ. ಅಪ್ಪ ಕೊಟ್ರಬಸಪ್ಪ ನ್ಯಾಮತಿಯ ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಶಾಪ್ ಇಟ್ಟವರು. ‘ಇಲ್ಲಿ ಹವಾ ಹಾಕಲಾಗುವುದು’ ಎಂಬ ಬೋರ್ಡು ಅವರದೇ ಕೈಬರಹ. ಊರಿನ ಟೈರುಗಳಿಗೆಲ್ಲ ಉಸಿರು ತುಂಬಿದವರಿಗೆ ಕೊನೆಗೆ ತಮ್ಮ ಉಸಿರೇ ಸಾಲದಾಯಿತು! ಪಂಪು ಒತ್ತಿದರೆ ಟೈರಿಗಿಂತ ಮೊದಲು ಅವರ ಎದೆಯೇ ‘ಸುಂಯ್’ ಎನ್ನುತ್ತಿತ್ತು. ಪಂಪು ನನ್ನ ಕೈಗೆ ಬಂತು.

ಈ ಆಷಾಢದ ಜಡಿಮಳೆಗೆ ಉಬ್ಬಸ ಹೆಚ್ಚಾಯಿತು. ಶಿವಮೊಗ್ಗದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. “ಈ ಥಂಡಿಯಲ್ಲಿ ಇಟ್ಟುಕೊಂಡರೆ ಉಳಿಯೋದು ಕಷ್ಟ. ಹವಾ ಬದಲಾಯಿಸಿ,” ಎಂದರು.

“ಅದೇ ಅಲ್ರೀ ನನ್ನ ಕಸುಬು!” ಎಂದು ಅಪ್ಪ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ಹೊತ್ತಿಗೆ ತುಟಿ ನೇರಳೆ ಹಣ್ಣು ತಿಂದಂತಾಗಿತ್ತು. ಅಮ್ಮ ಕಸ್ತೂರಮ್ಮ ನಗಲಿಲ್ಲ, ತಾಳಿ ಮುಟ್ಟಿಕೊಂಡಳು.

ವಾಪಸು ಬರುವ ಬಸ್ಸಿನಲ್ಲೇ ಭೀಷಣ ಶಪಥ ಮಾಡಿದೆ: ಅಪ್ಪನಿಗೆ ತಕ್ಕ ಹವೆಯನ್ನು ಇಡೀ ಭೂಮಂಡಲದಿಂದ ಶಾಸ್ತ್ರೋಕ್ತವಾಗಿ ಆರಿಸುವವನು ನಾನೇ!

ಮನೆಯಲ್ಲಿ ಸಭೆ ಸೇರಿತು.

“ಚನ್ನಗಿರಿ ಹವಾನೇ ಚೆಂದ,” ಎಂದಳು ಅಮ್ಮ. ಅದು ಅವಳ ತವರು. “ಅತ್ಲಾಗೆ ಸೆಖೆ ಇಲ್ಲ, ಇತ್ಲಾಗೆ ಚಳಿ ಇಲ್ಲ.”

“ಅತ್ಲಾಗೆ ನಿಮ್ಮಣ್ಣ, ಇತ್ಲಾಗೆ ನಿನ್ನ ತಮ್ಮ. ನಡುವೆ ಹವಾ ಆಡಾಕೆ ಜಾಗ ಎಲ್ಲೈತೆ?” ಎಂದರು ಅಪ್ಪ. “ನಂಗೆ ಜಗಳೂರು ಬಿಸ್ಲೇ ಸೈ. ನಮ್ಮಕ್ಕ ಉಡಚಮ್ಮ ಅಲ್ಲೇ ಅದಾಳೆ. ಅಲ್ಲಿ ಪಂಚೆ ಹಿಂಡೋದ್ರಾಗೇ ಒಣಗಿರತೈತೆ.”

“ಮೆಡಿಟರೇನಿಯನ್,” ಎಂದೆ ನಾನು, ಮೆಲ್ಲಗೆ.

“ಅದಕ್ಕೆ ಹೊನ್ನಾಳಿ ಮೇಲೆ ಹೋಗ್ಬೇಕೇನೋ?” ಎಂದಳು ಅಮ್ಮ.

“ಅಲ್ಲಿ ಬೇಸಿಗೆ ಒಣಾ ಇರತೈತೆ. ಚಳಿಗಾಲ ಮೆತ್ತಗೆ. ದ್ರಾಕ್ಷಿ ಬೆಳೀತಾರೆ.”

“ರೊಟ್ಟಿ ಸಿಗತೈತಾ?” ಎಂದರು ಅಪ್ಪ.

ಪಾಠದಲ್ಲಿ ರೊಟ್ಟಿಯ ಪ್ರಸ್ತಾಪವಿರಲಿಲ್ಲ. ಟಂಡ್ರಾವನ್ನು ಅಪ್ಪ, ಸ್ವೆಟರ್ ಇಲ್ಲವೆಂದು ತಳ್ಳಿಹಾಕಿದರು. ಸಮಭಾಜಕವನ್ನು ಅಮ್ಮ, “ದಿನಾ ಮಧ್ಯಾಹ್ನ ಮಳೆ ಹೊಯ್ದರೆ ಹಪ್ಪಳ ಎಲ್ಲಿ ಒಣಗ್ಸಾದು?” ಎಂದು ಮುಗಿಸಿದಳು. ಭೂಮಂಡಲವೆಲ್ಲ ಸುತ್ತಿ ನಾವು ಜಗಳೂರಿಗೇ ಬಂದು ನಿಂತೆವು.

ಶುಕ್ರವಾರ ಹೊರಡುವುದೆಂದಾಯಿತು. ಅತ್ತೆಗೆ ಸುದ್ದಿ ಮುಟ್ಟಿಸಲು ದಾವಣಗೆರೆ ಬಸ್ಸಿನ ಕಂಡಕ್ಟರ್ ಜಂಪಣ್ಣನಿಗೆ ಹೇಳಬೇಕು. ಅವನು ಜಗಳೂರು ಬಸ್ಸಿನವರಿಗೆ ಹೇಳುತ್ತಾನೆ. “ಅಪ್ಪಂಗೆ ಇಲ್ಲಿ ಹವಾ ಆಗ್ತಿಲ್ಲ, ಬದಲಾಯಿಸಾಕೆ ಶುಕ್ರವಾರ ಬರ್ತೀವಿ” ಎಂದು ಗೋಡೆಯೆದುರು ನಿಂತು ಬಾಯಿಪಾಠ ಮಾಡಿದೆ. ಗೋಡೆಗೆ ಚೆನ್ನಾಗಿ ಅರ್ಥವಾಯಿತು. ಆದರೆ ಬಸ್ಸಿನ ಕಿಟಕಿಗಳಿಂದ ಅಷ್ಟೂ ಮುಖಗಳು ನನ್ನತ್ತ ತಿರುಗಿದಾಗ, ಇಂಜಿನ್ನಿನ ಗದ್ದಲದಲ್ಲಿ ಬಾಯಿಂದ ಬಿದ್ದದ್ದು ಇಷ್ಟೇ: “ಅಪ್ಪಂದು... ಹವಾ... ಉಡಚಮ್ಮತ್ತೆಗೆ ಹೇಳ್ರಿ.”

“ಅಯ್ಯೋ ಶಿವನೇ! ಹೋಯ್ತಾ?” ಎಂದ ಜಂಪಣ್ಣ.

ಯಾರು ಏನು ಕೇಳಿದರೂ ‘ಹೂಂ’ ಎಂದು ತಲೆಯಾಡಿಸುವುದು ನನ್ನಂಥ ಸಂಕೋಚದವರ ಧರ್ಮ. ಆಡಿಸಿದೆ. ಬಸ್ಸು ಹೊರಟಿತು.

ಶುಕ್ರವಾರದವರೆಗೆ ನ್ಯಾಮತಿಯ ಕೆಟ್ಟ ಹವೆ ಅಪ್ಪನನ್ನು ಮುಟ್ಟಬಾರದಲ್ಲ! ಅವರ ಕೋಣೆಗೆ ಗೋಡೆಯ ಮೇಲ್ಭಾಗದಲ್ಲಿದ್ದ ಒಂದೇ ಕಿಟಕಿಗೆ ಹಲಗೆ ಜಡಿದೆ. ಸಂದುಗಳಿಗೆ ಹಳೆಯ ಟ್ಯೂಬು ಕತ್ತರಿಸಿ, ಉಜ್ಜುಕಾಗದದಿಂದ ಉಜ್ಜಿ, ಸೊಲ್ಯೂಷನ್ ಅಂಟು ಬಳಿದು, ಒಂದೊಂದಾಗಿ ಪ್ಯಾಚ್ ಹಾಕಿದೆ. ಎಲ್ಲಾದರೂ ಪಂಕ್ಚರ್ ಉಳಿದಿದೆಯೇ ಎಂದು ಊದುಬತ್ತಿ ಹಚ್ಚಿ ಹೊಗೆ ಹಿಡಿದು ಪರೀಕ್ಷಿಸಿದೆ. ಹೊಗೆ ಒಂದೆಳೆಯೂ ಹೊರಗೆ ಹೋಗಲಿಲ್ಲ. ಎಂಥ ಕೆಲಸ! ಅಪ್ಪ ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು. ಮೆಚ್ಚುಗೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಜಗಳೂರಿನಿಂದ ಒಂದು ಟೆಂಪೋ ತುಂಬ ಜನ ಇಳಿದರು. ಅತ್ತೆಯ ಕೈಯಲ್ಲಿ ದೊಡ್ಡ ಹೂವಿನ ಹಾರ.

“ಬಾ ಬಾ ಅಂತ ಬಡ್ಕೊಂಡ್ನಲ್ಲೋ ತಮ್ಮಾ! ನಮ್ಮೂರ ಬಿಸ್ಲು ನಿಂಗೆ ಬ್ಯಾಡಾಯ್ತೇನೋ!”

ರೊಟ್ಟಿ ತಟ್ಟುತ್ತಿದ್ದ ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇಬ್ಬರು ಹೆಂಗಸರು ಅವಳ ಬಳೆಗೆ ಕೈ ಹಾಕಿದರು.

“ಬಿಡ್ರೇ! ಯಾರ್ ಸತ್ತಾರೆ ಅಂತ ಬಂದೀರಿ?”

“ಪಾಪ, ದುಃಖಕ್ಕೆ ತಲೆ ಕೆಟ್ಟೈತೆ,” ಎಂದು ಅವಳನ್ನು ಹಿಡಿದುಕೊಂಡರು.

ನಾನು ಹೇಳಬಹುದಿತ್ತು. ಆದರೆ ಅಷ್ಟು ಜನ! ಅವರು ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸತೊಡಗಿದೆ.

ಅವರು ಕೋಣೆಗೆ ನುಗ್ಗಿದರು. ಉಬ್ಬಸದವರು ಮಲಗಲಾರರು, ಅಪ್ಪ ರಾತ್ರಿಯಿಡೀ ಗೋಡೆಗೊರಗಿ ಕೂತು, ಆಗಷ್ಟೇ ಕಣ್ಣು ಮುಚ್ಚಿದ್ದರು. ಹಣೆಯ ಮೇಲೆ ವಿಭೂತಿ. ನಮ್ಮಲ್ಲಿ ಹೆಣವನ್ನೂ ಹೀಗೆಯೇ ಕೂರಿಸುತ್ತಾರೆ. ಇನ್ನೇನು ಅನುಮಾನ? ಅತ್ತೆ ಹಾರ ಹಾಕಿ ಎದೆಯ ಮೇಲೆ ಬಿದ್ದಳು. ಯಾರೋ ಲೋಬಾನ ಹಾಕಿದರು. ಬಾಗಿಲ ತುಂಬ ಜನ ಒತ್ತಿ ನಿಂತರು.

ಅಪ್ಪ ಕಣ್ಣು ಬಿಟ್ಟರು. ಹಾರ ನೋಡಿಕೊಂಡರು, ಅಕ್ಕನನ್ನು ನೋಡಿದರು. ನಗು ಬಂತು, ಅಲ್ಲಿಗೇ ಉಸಿರು ಸಿಕ್ಕಿಕೊಂಡಿತು. ಬಾಯಿ ತೆರೆದೇ ಇತ್ತು, ಒಳಗೆ ಏನೂ ಹೋಗುತ್ತಿರಲಿಲ್ಲ. ಮುಖ ಕಪ್ಪಿಟ್ಟಿತು. ಕೈಯೆತ್ತಿ ಮೇಲಕ್ಕೆ ಬೆರಳು ತೋರಿಸಿದರು.

“ಇನ್ನೂ ಜೀವ ಐತೆ! ಕೈಲಾಸ ತೋರಿಸ್ತಾ ಅದಾನೆ!” ಎಂದು ಅತ್ತೆ ಚೀರಿದಳು.

ನಾನು ಅಪ್ಪನ ಬಾಯಿಗೆ ಕಿವಿಯಿಟ್ಟೆ. ಯಾರಿಗೂ ಹೊಳೆಯದ ಪ್ರಶ್ನೆ ನನಗೆ ಹೊಳೆದಿತ್ತು!

“ಯಾವ ಹವಾ ಬೇಕಪ್ಪಾ? ಜಗಳೂರ್ದಾ? ಚನ್ನಗಿರಿದಾ?”

ಅಮ್ಮ ಆ ಬೆರಳಿನ ದಿಕ್ಕು ನೋಡಿದಳು. ಹಿಡಿದವರನ್ನು ಕೊಡವಿ, ಮೂಲೆಯಲ್ಲಿದ್ದ ನನ್ನ ಪಂಪನ್ನೆತ್ತಿ ಹಲಗೆಗೆ ಬಡಿದಳು. ನನ್ನ ಪ್ಯಾಚುಗಳು ಗಟ್ಟಿಯಾಗಿದ್ದವು. ಅವಳು ಬಡಿಯುತ್ತಲೇ ಇದ್ದಳು. ಕಡೆಗೆ ಹಲಗೆ ಸೀಳಿ, ನ್ಯಾಮತಿಯ ಒದ್ದೆ ಗಾಳಿ ಮುಖಕ್ಕೆ ರಾಚಿತು. ಡಾಕ್ಟರು ಬೇಡವೆಂದ ಅದೇ ಗಾಳಿ. ಅಪ್ಪ ಅದನ್ನು ಬಾಯಾರಿದವರಂತೆ ಕುಡಿದರು.

ಅವರ ತುಟಿಗೆ ಬಣ್ಣ ಬರುವವರೆಗೆ ಯಾರೂ ಕೂರಲಿಲ್ಲ, ಅಳಲೂ ಇಲ್ಲ. ಬಂದ ಟೆಂಪೋದಲ್ಲೇ ಅವರನ್ನು ಜಗಳೂರಿಗೆ ಕರೆದೊಯ್ಯುವುದೆಂದು ಅತ್ತೆ ತೀರ್ಮಾನಿಸಿದಳು. ಹತ್ತಿಸುವಾಗ ನಾನು, ಯಾವುದನ್ನೂ ಅರ್ಧಕ್ಕೆ ಬಿಡದವನು, ಮೆಲ್ಲಗೆ ಕೇಳಿದೆ: “ಅಪ್ಪಾ, ಆಗ ಬೆರಳು ತೋರ್ಸಿ ಕೇಳಿದ್ದು ಯಾವ ಹವಾ?”

ಕೊರಳಿನ ಹಾರ ಬಿಚ್ಚಿ ನನ್ನ ಕೈಗಿಟ್ಟು, ಒಂದೊಂದು ಅಕ್ಷರಕ್ಕೂ ಒಂದೊಂದು ಉಸಿರು ಕೂಡಿಸಿಕೊಂಡು ಅಪ್ಪ ಹೇಳಿದರು:

“ಹೊ... ರ... ಗಿಂದು ಕಣ್ಲೇ!”