ಹಿಂದೆ ಬಿದ್ದವರಿಗೆ ಮೇಲಿನ ಗೇರು

ಗಾಡಿಯೂ ಗಂಡಸರೂ ಒಂದು ಕಡೆ ಸೇರಿದರೆ ಏನಾದರೊಂದು ಆಗಿಯೇ ತೀರುತ್ತದೆ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ನನ್ನದೊಂದು ಬೈಕ್ ಗ್ಯಾರೇಜ್ ಇದೆ. ಹಾಗಾಗಿ ಆಗುವುದೆಲ್ಲ ನನ್ನ ಕಣ್ಣೆದುರೇ ಆಗುತ್ತದೆ. ಪಂಚರ್ ಹಾಕುವುದರಿಂದ ಇಂಜಿನ್ ಬಿಚ್ಚುವವರೆಗೆ ನಾನಾಗಿಯೇ ಕಲಿತೆ. ಓದುವುದನ್ನೂ ಹಾಗೆಯೇ. ಬಿಡಿಭಾಗ ಸುತ್ತಿಕೊಂಡು ಬರುವ ಹಳೆಯ ಪತ್ರಿಕೆಯ ಹಾಳೆಗಳೇ ನನ್ನ ಪುಸ್ತಕ. ಅವು ಹರಿದಿರುತ್ತವೆ, ಆದ್ದರಿಂದ ಜಗತ್ತಿನ ಬಹಳಷ್ಟು ವಿಷಯ ನನಗೆ ಅರ್ಧ ಗೊತ್ತು. ಆ ಅರ್ಧದ ಬಗ್ಗೆ ಯಾರೊಡನೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ.

ಹೊಸ ಹೆಲ್ಮೆಟ್

ತಿಕೋಟಾ ಕಡೆಯ ದ್ರಾಕ್ಷಿ ತೋಟದವರೊಬ್ಬರು ಬೈಕ್ ರಿಪೇರಿಗೆ ಬಂದರು. ಹೆಲ್ಮೆಟ್ ಪ್ಲಾಸ್ಟಿಕ್ ಚೀಲದಲ್ಲಿತ್ತು, ಚೀಲ ಹ್ಯಾಂಡಲ್‌ಗೆ ನೇತಾಡುತ್ತಿತ್ತು.

"ತಲೀಗೆ ಯಾಕ ಹಾಕ್ಕೊಂಡಿಲ್ಲರಿ?"

"ಹೊಸಾದು ಐತ್ರಿ ಅಕ್ಕಾರ. ಧೂಳ ಕುಂತ್ರ ಹೊಳಪು ಹೋಗತೈತಿ."

"ಮತ್ತ ತಲಿ?"

"ತಲಿ ಹಳೇದೈತಲ್ರಿ."

ವಾರದ ಮೇಲೆ ಅದೇ ಮನುಷ್ಯ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ತಿರುವಿನಲ್ಲಿ ಉಸುಕಿನ ಮೇಲೆ ಬೈಕ್ ಜಾರಿತ್ತು.

"ಮೊಣಕೈ ಕಿತ್ತು ಹೋತ್ರಿ. ಒಂದು ಹಲ್ಲು ಅಳ್ಳಾಡಾಕತ್ತೈತಿ," ಎಂದರು. ಆಮೇಲೆ ಮುಖ ಅರಳಿತು. "ಆದ್ರ ಬೀಳೂ ಮುಂದ ಹೆಲ್ಮೆಟ್ ಮ್ಯಾಲಕ್ಕ ಎತ್ತಿ ಹಿಡಿದಿದ್ದೆ ನೋಡ್ರಿ. ಒಂದು ಗೀರು ಬಿದ್ದಿಲ್ಲ."

ರೈಲ್ವೆ ಗೇಟು

ನನ್ನ ತಮ್ಮ ನಿಡೋಣಿಯಾಚೆ ನಮ್ಮ ತವರೂರಿನಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಸಂತೆಗೆ ಬಂದಾಗ ನನ್ನ ಗ್ಯಾರೇಜಿನಲ್ಲಿ ಕುಳಿತು ಮೊಬೈಲಿನಲ್ಲಿ ಪರದೇಶದ ಕಾರಿನ ಶರ್ಯತ್ತು ನೋಡುತ್ತಾನೆ. ನಿಯಮಗಳು ಹೆಚ್ಚಾಗಿ ಶರ್ಯತ್ತು ಕೆಟ್ಟಿತು ಎನ್ನುವುದು ಅವನ ವಾದ. ನಿಯಮ ಬಂದೇ ಚೆಂದಾಗಿದೆ ಎನ್ನುವುದು ನನ್ನದು.

"ನೋಡ ಅಕ್ಕಾ, ಒಂದು ಕಾರು ಗ್ವಾಡಿಗೆ ಹಾಯ್ತು. ಈಗ ಸೇಫ್ಟಿ ಕಾರು ಬರತೈತಿ. ಎಲ್ಲಾರೂ ಅದರ ಹಿಂದ ಮದುವಿ ಮೆರವಣಿಗಿ ಹೋದಂಗ ಹೋಗಬೇಕು. ಮುಂದಿದ್ದಾಂವ ಇಷ್ಟೊತ್ತು ದುಡಿದದ್ದೆಲ್ಲಾ ಹೋತು."

ಪಕ್ಕದ ವೆಲ್ಡಿಂಗ್ ಅಂಗಡಿಯ ಚಾಚಾ ಇಣುಕಿದರು. "ನಮ್ಮ ರೈಲ್ವೆ ಗೇಟಿನ್ಯಾಗ ದಿನಾ ಅದೇ ಆಗತೈತಲ್ಲೋ. ಗೇಟ್ ಬಿತ್ತಂದ್ರ ಹಿಂದ ಬಂದಾಂವ ಬಲಕ್ಕ ನುಗ್ಗಿ ಎಲ್ಲಾರಕಿಂತ ಮುಂದ ನಿಂತಿರತಾನ. ಅವಗ ಯಾರೂ ಕಪ್ ಕೊಟ್ಟಿಲ್ಲ."

ನಾನು ನನ್ನ ಹಾಳೆ ತೆಗೆದೆ. ಕ್ಲಚ್ ಪ್ಲೇಟ್ ಸುತ್ತಿಕೊಂಡು ಬಂದದ್ದು. ಹಿಂದೆ ಬಿದ್ದ ಕಾರಿನ ಬೆನ್ನಿಗಿರುವ ರೆಕ್ಕೆಯಂಥ ಹಲಗೆ ತೆರೆದುಕೊಂಡು, ಗಾಳಿಯ ತಡೆ ಕಡಿಮೆಯಾಗಿ, ಅದು ಮುಂದಿನ ಕಾರನ್ನು ದಾಟಲು ಅನುಕೂಲವಾಗುತ್ತದೆ ಎಂದು ಅದರಲ್ಲಿತ್ತು. ಎಲ್ಲಿ, ಎಷ್ಟು ಹತ್ತಿರವಿದ್ದರೆ ಎಂಬ ಭಾಗ ಹರಿದುಹೋಗಿತ್ತು. ಅದು ಬೇಕೆಂದು ನನಗೆ ಅನಿಸಲಿಲ್ಲ.

"ಇದು ಮೋಸ," ಎಂದ ತಮ್ಮ.

"ಹಿಂದ ಬಿದ್ದಾಂವಗ ಒಂದೀಟು ಆಸರ ಕೊಟ್ರ ಮೋಸ ಹೆಂಗಾಗತೈತಿ?"

"ನಿನಗ ಯಾರು ಕೊಟ್ಟಾರ?"

"ಯಾರೂ ಕೊಟ್ಟಿಲ್ಲ."

"ಅದಕ್ಕ ಈಕಿ ಬ್ರೇಕ್ ಹಿಡಿಯೂದು ಕಲ್ತಿಲ್ಲ," ಎಂದು ಚಾಚಾ ಮತ್ತೆ ವೆಲ್ಡಿಂಗಿಗೆ ಕುಳಿತರು.

ನನ್ನ ನಿಯಮಗಳು

ಕಾರ ಹುಣ್ಣಿಮೆಗೆ ನಮ್ಮ ತವರೂರಲ್ಲಿ ಎತ್ತು ಓಡಿಸಿ, ಅಡ್ಡ ಕಟ್ಟಿದ ಬೇವಿನ ತಪ್ಪಲಿನ ಹಗ್ಗ ಹರಿಸುತ್ತಾರೆ. ಆ ಹಗ್ಗಕ್ಕೆ ಕರಿ, ಈ ಆಟಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಕೆಂಪು ಎತ್ತು ಹರಿದರೆ ಮುಂಗಾರಿ ಬೆಳೆ ಚೆನ್ನ, ಬಿಳಿ ಎತ್ತು ಹರಿದರೆ ಹಿಂಗಾರಿಯ ಬಿಳಿ ಜೋಳ ಚೆನ್ನ. ಎತ್ತು ಕಡಿಮೆಯಾದ ಮೇಲೆ ತಮ್ಮನ ಕಡೆಯವರು ಮರುದಿನ ಟ್ರ್ಯಾಕ್ಟರಿನಲ್ಲೂ ಕರಿ ಹರಿಯಲು ಶುರು ಮಾಡಿದರು. ಹೋದ ವರ್ಷ ತಮ್ಮ ಟ್ರ್ಯಾಕ್ಟರ್ ಸಮೇತ ಒಡ್ಡಿನಿಂದ ಉರುಳಿ ಭುಜ ಮುರಿದುಕೊಂಡ. ಹಿರಿಯರು ಶರ್ಯತ್ತು ಬಂದ್ ಎಂದರು.

ಆಗ ತಮ್ಮನಿಗೆ ನನ್ನ ನಿಯಮಗಳ ನೆನಪಾಯಿತು. "ಅಕ್ಕಾ, ನೀನ ಬಂದು ಮಾತಾಡು. ಹಿರ್ಯಾರು ನಿನಗ ಅಂಜತಾರ."

ಹೋಗಿ ಮಾತು ಕೊಟ್ಟೆ. "ಈ ಸಲ ಒಬ್ಬರಿಗೆ ಗೀರು ಬಿದ್ರೂ ಶರ್ಯತ್ತು ಕಾಯಂ ಬಂದ್ ಮಾಡ್ರಿ. ನಾನೂ ಊರಿನ ಕೆಲಸದಾಗ ಇನ್ನ ಬಾಯಿ ಹಾಕಂಗಿಲ್ಲ." ಹಿರಿಯರು ಒಪ್ಪಿದರು. ಎರಡನೇ ಮಾತು ಕೇಳಿಯೇ ಒಪ್ಪಿದರೆಂದು ನನ್ನ ಗುಮಾನಿ.

ಮೂರು ನಿಯಮ ಹೇಳಿದೆ. ಗಾಡಿಯ ಮೇಲೆ ಇರುವ ತನಕ ಯಾರೂ ಹೆಲ್ಮೆಟ್ ತೆಗೆಯಬಾರದು. ಮೂರನೇ ಗೇರು ದಾಟಬಾರದು. ಆದರೆ ನಡುದಾರಿಯ ಜಾಲಿ ಮರವನ್ನು ಯಾರು ಎಲ್ಲರಿಗಿಂತ ಕೊನೆಗೆ ದಾಟುತ್ತಾರೋ ಅವರಿಗೆ ಮಾತ್ರ ಮೇಲಿನ ಗೇರು.

ಎಲ್ಲರಿಗಿಂತ ಹಿರಿಯ ಅಜ್ಜ ಕೈ ಎತ್ತಿದ. "ಎಲ್ಲಾ ಬರೋಬರಿ ಐತಿ ತಂಗೀ. ನೀಲಿ ಟ್ರ್ಯಾಕ್ಟರ್ ಹರದ್ರ ಯಾವ ಬೆಳಿ ಅಂತ ತಿಳ್ಕೋಬೇಕು?"

ಅದು ನನ್ನ ಹಾಳೆಯಲ್ಲಿ ಇರಲಿಲ್ಲ.

ಜಾಲಿ ಮರ

ಮೂರು ಟ್ರ್ಯಾಕ್ಟರ್ ನಿಂತವು. ಕೆಂಪು ನನ್ನ ತಮ್ಮನದು, ನೀಲಿ ನಮ್ಮ ಕಾಕಾನದು, ಹಸಿರು ಊರ ಗೌಡರ ಅಳಿಯನದು. ಕಾಕಾ ತಲೆಗೆ ಸುತ್ತಿದ ರುಮಾಲು ಬಿಚ್ಚಲು ಒಪ್ಪದೆ ಅದರ ಮೇಲೆಯೇ ಹೆಲ್ಮೆಟ್ ಕೂರಿಸಿದ್ದ. ನಾನು ಜಾಲಿ ಮರದ ಕೆಳಗೆ ನನ್ನ ಬಿಳಿ ಸ್ಕೂಟಿಯ ಮೇಲೆ ಕೊನೆಗೆ ದಾಟಿದವನಿಗೆ ತೋರಿಸಲು ಹಸಿರು ಬಟ್ಟೆ ಹಿಡಿದು ಕುಳಿತಿದ್ದೆ, ಹೆಲ್ಮೆಟ್ ಹಾಕಿಕೊಂಡು.

ಮೂರೂ ಧೂಳೆಬ್ಬಿಸುತ್ತ ಬಂದವು. ಮರ ಇನ್ನು ಹತ್ತು ಮಾರು ಇರುವಾಗ ಮೂರೂ ನಿಂತವು.

ಮರವನ್ನು ಕೊನೆಗೆ ದಾಟಿದವನೇ ಗೆಲ್ಲುವನೆಂದು ಮೂವರಿಗೂ ಲೆಕ್ಕ ಹತ್ತಿತ್ತು. ಯಾರೂ ದಾಟಲೊಲ್ಲರು. ಹುಟ್ಟಿದಾಗಿನಿಂದ ಯಾರಿಗೂ ದಾರಿ ಬಿಡದ ನನ್ನ ತಮ್ಮ ಕೈ ಮುಗಿದ.

"ಕಾಕಾ, ನೀವು ಹಿರ್ಯಾರು. ಮೊದಲ ನೀವು ನಡೀರಿ."

"ಬ್ಯಾಡೋ ಯಪ್ಪಾ. ಅಳಿಯಂದಿರು ಊರಿಗೆ ಬಂದಾರ. ಮೊದಲ ಅವರು ಹೋಗಲಿ."

"ಏ, ಹಂಗೆಲ್ಲಾ ಆಗತೈತೇನ್ರಿ. ನಾನು ಹೊರಗಿನಾಂವ. ಊರಾಗಿನವರು ಮುಂದ ಇರಬೇಕು."

ಅರ್ಧ ತಾಸು ಆಯಿತು. ಕಾಕಾ ಇಂಜಿನ್ ಬಂದ್ ಮಾಡಿ ತಂಬಾಕು ತಿಕ್ಕಿದ. ಅಳಿಯನಿಗೆ ಯಾರೋ ಚಹಾ ತಂದುಕೊಟ್ಟರು. ಜನ ಮನೆಯ ಕಡೆ ತಿರುಗತೊಡಗಿದರು. ಗೀರೇನೋ ಯಾರಿಗೂ ಬಿದ್ದಿರಲಿಲ್ಲ. ಆದರೆ ಓಡದ ಶರ್ಯತ್ತನ್ನು ಮುಂದಿನ ವರ್ಷ ಯಾರು ಇಡುತ್ತಾರೆ? ನನ್ನ ಮಾತು ಮಣ್ಣುಪಾಲಾಗುವ ಹಾಗಿತ್ತು.

ನಿಯಮ ಬದಲಿಸಲು ಹಿರಿಯರ ಒಪ್ಪಿಗೆ ಬೇಕು, ಹಿರಿಯರು ಕೂತದ್ದು ದಾರಿಯ ಕೊನೆಗೆ ಕಟ್ಟಿದ ಕರಿಯ ಆಚೆ. ಸಿಟ್ಟಿನಲ್ಲಿ ಅತ್ತ ಸ್ಕೂಟಿ ಓಡಿಸಿದೆ. ದಾರಿಯ ಎರಡೂ ಬದಿ ಜನ, ಸುತ್ತಿ ಹೋಗಲು ಜಾಗವಿಲ್ಲ. ಹಗ್ಗದ ಕೆಳಗೆ ತಲೆ ಬಗ್ಗಿಸಿ ನುಸುಳಿದೆ. ತಲೆ ಪಾರಾಯಿತು, ಸ್ಕೂಟಿಯ ಕನ್ನಡಿ ಪಾರಾಗಲಿಲ್ಲ. ಕರಿ ಪಟ್ ಎಂದು ಹರಿದು, ಬೇವಿನ ತಪ್ಪಲೆಲ್ಲ ನನ್ನ ಮೈಮೇಲೆ ಬಿತ್ತು.

ಅಜ್ಜ ಎದ್ದು ನಿಂತು ಸ್ಕೂಟಿಯನ್ನು ಮೇಲಿಂದ ಕೆಳಗೆ ನೋಡಿದ. ನೀಲಿಯ ಚಿಂತೆ ಅವನ ಮುಖದಿಂದ ಹೋಯಿತು.

"ಬಿಳಿ ಹರೀತು," ಎಂದ. "ಈ ವರ್ಷ ಹಿಂಗಾರಿ ಜೋಳ ಭಾರಿ."

ಮನೆಗೆ ಹೊರಟ ಜನವೆಲ್ಲ ಸಿಳ್ಳೆ ಹಾಕುತ್ತ ತಿರುಗಿ ಓಡಿ ಬಂದರು. ಶುಭ ಹೇಳಿದ ಶರ್ಯತ್ತನ್ನು ಬಂದ್ ಮಾಡುವುದು ಹೇಗೆ ಎಂದು ಹಿರಿಯರು ಅಲ್ಲಿಯೇ ಬರುವ ವರ್ಷಕ್ಕೂ ಒಪ್ಪಿಗೆ ಕೊಟ್ಟರು. ಗೆದ್ದವರಿಗೆ ರುಮಾಲು ಸುತ್ತುವುದು ಪದ್ಧತಿ. ಹೆಲ್ಮೆಟ್ ತೆಗೆ ಎಂದರು. ಗಾಡಿಯ ಮೇಲಿದ್ದೇನೆ, ತೆಗೆಯುವುದಿಲ್ಲ ಎಂದೆ. ಅದರ ಮೇಲೆಯೇ ಸುತ್ತಿದರು.

ಅಷ್ಟರಲ್ಲಿ ತಮ್ಮ ನಡೆದುಕೊಂಡು ಬಂದು ಎದುರು ನಿಂತ.

"ಹಿಂದಿದ್ದವರಿಗೆ ಅನುಕೂಲ ಅಂದಿದ್ದಿ ಅಕ್ಕಾ. ನಿಯಮ ಮಾಡಿದವರಿಗೆ ಅಂತ ಮೊದಲ ಹೇಳಬೇಕೋ ಇಲ್ಲೋ?"

ಹಾಳೆಯಲ್ಲಿ ಆ ಭಾಗ ಹರಿದುಹೋಗಿತ್ತು ಎಂದೆ.